ಒಂದೂವರೆ ಸುತ್ತಿನ ಶಿಕ್ಷೆ

ಮೇಲಿನ ಗುಂಪಿಗೆ ಹತ್ತಿಸಿ ಎಂದು ಅರ್ಜಿ ಹಾಕಿದವರು ಆ ಐಸ್ ಸ್ಕೇಟಿಂಗ್ ಸಂಘದ ಕಡತದಲ್ಲಿ ಬೇಕಾದಷ್ಟು ಜನರಿದ್ದರು. ತನ್ನನ್ನು ಕೆಳಗಿಳಿಸಿ ಎಂದು ಕೇಳಿದವಳು ಟೈಲರಮ್ಮನೇ ಮೊದಲು.

ಅರ್ಜಿಗೆ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಬಂದದ್ದು ಎರಡೇ ಸಾಲು. ಶನಿವಾರ ಬೆಳಿಗ್ಗೆ ಹತ್ತಕ್ಕೆ ರಿಂಕಿನಲ್ಲಿ ಸಮಿತಿಯ ಮುಂದೆ ಸ್ಕೇಟ್ ಕಟ್ಟಿಕೊಂಡು ಹಾಜರಾಗಬೇಕು. ತಮಗೆ ಆಕ್ಸೆಲ್ ಎಂಬ ಜಿಗಿತ ಬರುವುದಿಲ್ಲ ಎಂಬುದನ್ನು ಅಲ್ಲಿ ಮಾಡಿ ತೋರಿಸಬೇಕು.

"ಬಾರದ್ದನ್ನ ಮಾಡಿ ತೋರಿಸೋದು ಹೇಗೆ ಅಕ್ಕಾ?" ಎಂದು ಡ್ರೈವರ್ ಕೇಳಿದ. "ಈಜು ಬರಲ್ಲ ಅಂತ ಸಾಬೀತು ಮಾಡೋಕೆ ಮುಳುಗಿ ಸಾಯಬೇಕಾ?"

ಅವನು ಊರಿನ ಬಸ್ ಓಡಿಸುವವನು. ಅವಳಂತೆಯೇ ನಲವತ್ತು ದಾಟಿದ ಮೇಲೆ ಐಸ್ ಹತ್ತಿದವನು. ಅವಳ ಅರ್ಜಿಯ ಕೆಳಗೆ ಅವನ ಸಹಿಯೂ ಇತ್ತು, ಅವನಿಗೂ ಅದೇ ಎರಡು ಸಾಲು ಬಂದಿದ್ದವು. ಸಹಿ ಹಾಕಿದವರು ಇನ್ನೂ ಇಬ್ಬರಿದ್ದರು. ಔಷಧಿ ಅಂಗಡಿಯವರು ಪತ್ರ ಕಂಡ ಕೂಡಲೇ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದರು. ಡ್ರಾಯಿಂಗ್ ಟೀಚರ್ ಯೋಚನೆ ಮಾಡಿ ಹೇಳುತ್ತೇನೆ ಎಂದವರು ಆಮೇಲೆ ಏನನ್ನೂ ಹೇಳಲಿಲ್ಲ.

ಟೈಲರಮ್ಮ ಎಂದರೆ ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹೊಲಿಯುವವಳು. ಹರಿದ ಹೊದಿಕೆಗೆ ತೇಪೆ, ಆಪರೇಷನ್ ಗೌನಿಗೆ ಲಾಡಿ, ದಿಂಬಿನ ಚೀಲಕ್ಕೆ ಅಂಚು. ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಪಕ್ಕದಲ್ಲೇ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳು. ಅವುಗಳ ಹಬೆಗೆ ಗೋಡೆಯ ಬಣ್ಣ ಎದ್ದು ಹಪ್ಪಳದ ಹಾಗೆ ಉಬ್ಬಿತ್ತು. ಎಂಟು ಗಂಟೆ ಅಲ್ಲಿ ಕೂತೆದ್ದು ಮನೆಗೆ ಬಂದರೆ ಮೂರು ಕೋಣೆಗಳಲ್ಲಿ ಆರು ಜನ: ಗಂಡ, ಅತ್ತೆ, ಗಂಡನ ಮನೆ ಬಿಟ್ಟು ಬಂದ ನಾದಿನಿ, ಅವಳ ಇಬ್ಬರು ಹೆಣ್ಣುಮಕ್ಕಳು, ತಾನು. ಆ ಮನೆಯಲ್ಲಿ ಸೀರೆ ಮಡಿಸಲು ಕೈ ಚಾಚಿದರೂ ಯಾರ ಮೂಗಿಗಾದರೂ ತಗಲುತ್ತಿತ್ತು.

ವಯಸ್ಕರಿಗೆಂದು ರಿಂಕ್ ತೆರೆಯುತ್ತಿದ್ದದ್ದು ಬೆಳಿಗ್ಗೆ ಆರರಿಂದ ಏಳರವರೆಗೆ. ಇಪ್ಪತ್ತು ಜನಕ್ಕೆ ಮಾತ್ರ ಜಾಗ. ಆ ಒಂದು ಗಂಟೆಯಲ್ಲಿ ಅವಳು ಎರಡೂ ಕೈ ಪೂರ್ತಿ ಚಾಚಿ ಸುತ್ತಬಹುದಿತ್ತು, ಯಾರಿಗೂ ತಗಲುತ್ತಿರಲಿಲ್ಲ. ಹದಿಮೂರು ವರ್ಷಗಳಿಂದ ಅವಳು ಬದುಕಿದ್ದದ್ದು ಆ ಗಂಟೆಯ ಮೇಲೆ. ಉಳಿದ ಇಪ್ಪತ್ತಮೂರು ಗಂಟೆ ಅದಕ್ಕೆ ಕಾಯುತ್ತಿದ್ದಳು.

"ಅತ್ತಿಗೆ, ಜಾರೋದಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ?" ಎಂದು ನಾದಿನಿ ದಿನಾ ಒಂದು ಸಲವಾದರೂ ಹೇಳುತ್ತಿದ್ದಳು. "ಬಚ್ಚಲಿಗೆ ಒಂದಿಷ್ಟು ಸೋಪು ನೀರು ಚೆಲ್ಲಿಕೊಡ್ತೀನಿ, ಇಲ್ಲೇ ಜಾರಿ. ಬಿದ್ರೆ ಎತ್ತೋಕೆ ನಾವಾದ್ರೂ ಇರ್ತೀವಿ."

ಆಡುವವರು ಆಡಲಿ ಎಂದು ಅವಳು ಬಿಟ್ಟಿದ್ದಳು. ಆದರೆ ಈಗ ಆ ಗಂಟೆಗೇ ಕುತ್ತು ಬಂದಿತ್ತು. ತಂದದ್ದು ನಾದಿನಿಯಲ್ಲ, ಅವಳೇ. ಏಳು ವರ್ಷದ ಹಿಂದಿನ ಅವಳದೇ ಒಂದು ಜಿಗಿತ.

ಸ್ಕೇಟಿಂಗಿನ ಬೇರೆಲ್ಲ ಜಿಗಿತಗಳನ್ನು ಹಿಂದಕ್ಕೆ ಜಾರುತ್ತಾ ಹಾರುತ್ತಾರೆ. ಆಕ್ಸೆಲ್ ಒಂದನ್ನು ಮಾತ್ರ ಮುಂದೆ ನೋಡುತ್ತಾ ಹಾರಬೇಕು, ಇಳಿಯುವುದು ಮಾತ್ರ ಹಿಂದಕ್ಕೆ ಜಾರುತ್ತಲೇ. ಅದಕ್ಕೇ ಅದು ಒಂದು ಸುತ್ತಲ್ಲ, ಒಂದೂವರೆ. ಆ ಅರ್ಧ ಸುತ್ತಿಗೆ ಎಷ್ಟೋ ಜನರ ಮಂಡಿ, ಸೊಂಟ, ಧೈರ್ಯ ಬಲಿಯಾಗಿವೆ. ಆಗ ಅವಳಿದ್ದದ್ದು ಸಿಲ್ವರ್ ಗುಂಪಿನಲ್ಲಿ. ಸಿಲ್ವರಿನಲ್ಲಿ ಆಕ್ಸೆಲ್‌ಗೆ ಅವಕಾಶವಿಲ್ಲ, ಅದು ಗೋಲ್ಡ್ ಗುಂಪಿನವರ ಸ್ವತ್ತು. ನಲವತ್ತೇಳನೆಯ ವಯಸ್ಸಿನಲ್ಲಿ, ವಾರ್ಷಿಕ ಸ್ಪರ್ಧೆಯಲ್ಲಿ, ಸಂಗೀತ ಮುಗಿಯಲು ಎಂಟು ಸೆಕೆಂಡ್ ಇದ್ದಾಗ, ಯಾರಿಗೂ ಹೇಳದೆ, ತನಗೂ ಹೇಳಿಕೊಳ್ಳದೆ ಅವಳು ಅದನ್ನು ಹಾರಿಬಿಟ್ಟಳು. ಇಳಿದಳು ಕೂಡ, ಒಂದೇ ಕಾಲಿನ ಮೇಲೆ, ಅಲುಗಾಡದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅರ್ಧ ಆಯುಷ್ಯ ಕಳೆದ ಹೆಂಗಸು ನೆಲ ಬಿಟ್ಟು ಮೇಲಿದ್ದ ಆ ಅರೆಕ್ಷಣವನ್ನು ಅವಳು ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಎಷ್ಟು ಸಲ ನೆನೆದಿದ್ದಾಳೋ ಲೆಕ್ಕವಿಲ್ಲ.

ಜಡ್ಜ್‌ಗಳು ಆ ಜಿಗಿತಕ್ಕೆ ಒಂದು ಅಂಕವನ್ನೂ ಕೊಡಲಿಲ್ಲ. ಬದಲಿಗೆ ಬಡ್ತಿ ಕೊಟ್ಟರು. ಸ್ಪರ್ಧೆಯಲ್ಲಿ ಒಮ್ಮೆ ಆಕ್ಸೆಲ್ ಇಳಿದವರು ಇನ್ನು ಮುಂದೆ ಗೋಲ್ಡ್‌ಗೆ ಸೇರಿದವರು, ಮತ್ತೆ ಕೆಳಗಿಳಿಯುವಂತಿಲ್ಲ, ಎಂಬುದು ನಿಯಮ. ಡ್ರೈವರೂ ಅರ್ಜಿಗೆ ಸಹಿ ಹಾಕಿದ ಉಳಿದಿಬ್ಬರೂ ಗೋಲ್ಡ್‌ಗೆ ಬಿದ್ದದ್ದು ಹೀಗೆಯೇ.

ನಿಯಮ ಹುಟ್ಟಿದ್ದು ಸುಮ್ಮನೆ ಅಲ್ಲ. ಚಿಕ್ಕಂದಿನಲ್ಲಿ ಹತ್ತು ವರ್ಷ ತರಬೇತಿ ಪಡೆದ ಕೆಲವರು ದೊಡ್ಡವರಾಗಿ ವಾಪಸ್ ಬಂದು, ಏನೂ ಬಾರದವರಂತೆ ಕೆಳಗಿನ ಗುಂಪಿನಲ್ಲಿ ಅಡಗಿ ಪದಕ ಹೊಡೆಯುತ್ತಿದ್ದರು. ಅವರನ್ನು ಹಿಡಿಯಲು ಸಂಘ ಬೋನು ಮಾಡಿತು. ನರಿಗೆ ಬೋನಿನ ಗುಟ್ಟು ಗೊತ್ತು, ಅದು ಕಾಲಿಡಲೇ ಇಲ್ಲ. ಬಿದ್ದದ್ದು ಕೋಳಿ.

ಗೋಲ್ಡಿನಲ್ಲಿ ಜನ ಕಡಿಮೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ವಯಸ್ಸಿನ ಗುಂಪುಗಳನ್ನು ಒಟ್ಟು ಕಲಸಿಬಿಡುತ್ತಾರೆ. ಹಾಗಾಗಿ ಐವತ್ನಾಲ್ಕರ ಟೈಲರಮ್ಮ ಇಪ್ಪತ್ತೊಂಬತ್ತರವರ ಜೊತೆ, ಆರನೇ ವಯಸ್ಸಿನಿಂದ ಐಸ್ ಮೇಲೇ ಬೆಳೆದವರ ಜೊತೆ ನಿಲ್ಲಬೇಕಾಯಿತು. ಮೂರು ವರ್ಷ ಆಕ್ಸೆಲ್ ಹಾರಲು ಹೋಗಿ ಬಿದ್ದಳು, ಅಂಕ ಕಡಿದರು. ನಾಲ್ಕನೇ ವರ್ಷ ಬಲ ಮಂಡಿ ಮಾತು ಕೇಳುವುದನ್ನು ನಿಲ್ಲಿಸಿತು. ಕಳೆದ ಎರಡು ವರ್ಷ ಕಟ್ಟಕಡೆಯ ಸ್ಥಾನ. ಸತತ ಮೂರು ವರ್ಷ ಕಟ್ಟಕಡೆಗೆ ಬಂದವರು ಬೆಳಗಿನ ಗಂಟೆಯ ಜಾಗವನ್ನು ಪಟ್ಟಿಯಲ್ಲಿ ಕಾದಿರುವವರಿಗೆ ಬಿಡಬೇಕು. ಇದು ಮೂರನೇ ವರ್ಷ, ಅರ್ಜಿಗೆ ಉತ್ತರ ಬಂದಾಗ ಸ್ಪರ್ಧೆಗೆ ನಾಲ್ಕೇ ತಿಂಗಳಿತ್ತು.

ಅರ್ಜಿ ಬರೆಯುವ ಮೊದಲು ಅವಳೂ ಡ್ರೈವರೂ ಸಂಘದ ನಿಯಮ ಪುಸ್ತಕವನ್ನು ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಅವನ ಎರಡು ಪಾಳಿಗಳ ನಡುವೆ, ಒಂದೊಂದು ಪುಟವಾಗಿ ಓದಿದರು. ಅವನು ಗಟ್ಟಿಯಾಗಿ ಓದುವುದು, ಅವಳು ಅಲ್ಲಲ್ಲಿ ತಡೆದು ಯಾಕೆ ಎಂದು ಕೇಳುವುದು. ಅಲ್ಲಿ ಕೂತು ಬುತ್ತಿ ತಿನ್ನುತ್ತಿದ್ದ ಬೇರೆ ಡ್ರೈವರುಗಳಿಗೂ ಕೊನೆಗೆ ಕುತೂಹಲ ಹತ್ತಿ, ಸ್ಕೇಟನ್ನು ಕಣ್ಣಲ್ಲಿ ಕಾಣದವರೂ ಅದರ ನಿಯಮದ ಮೇಲೆ ಜಗಳವಾಡತೊಡಗಿದರು. ಆಸ್ಪತ್ರೆಯ ಡಾಕ್ಟರು ಮಂಡಿ ನೋಡಿ ಬರೆದುಕೊಟ್ಟ ಚೀಟಿಯನ್ನು ಅರ್ಜಿಯ ಜೊತೆ ಇಡೋಣ ಎಂದು ಅವಳು ತಂದಾಗ, ಒಂಬತ್ತನೇ ನಿಯಮ ಓದಿದ್ದ ಡ್ರೈವರ್ ಅವಳ ಕೈ ಹಿಡಿದುಕೊಂಡ.

"ಬೇಡ ಅಕ್ಕಾ, ಇದು ಕೊಟ್ರೆ ಕೆಳಗಿಳಿಸಲ್ಲ, ಆಚೆಗೇ ಹಾಕ್ತಾರೆ. ಆರೋಗ್ಯ ಸರಿಯಿಲ್ಲದವರು ಐಸ್ ಮೇಲೆ ಕಾಲಿಡೋ ಹಾಗಿಲ್ಲ ಅಂತ ಇಲ್ಲಿ ಬರೆದಿದೆ."

"ಮಂಡಿ ಸರಿಯಿಲ್ಲ ಅಂತಾನೇ ತಾನೇ ಕೆಳಗಿಳಿಸಿ ಅನ್ನೋದು?"

"ಹೂಂ. ಸರಿಯಿದ್ರೆ ಮೇಲೇ ಇರಿ, ಸರಿಯಿಲ್ಲ ಅಂದ್ರೆ ಮನೇಲಿರಿ. ಇವರು ರಿವರ್ಸ್ ಗೇರ್ ಇಲ್ಲದ ಬಸ್ ಕಟ್ಟಿದ್ದಾರೆ. ಹಿಂದೆ ಹೋಗೋ ಹಾಗಿಲ್ಲ, ಮುಂದೆ ಗೋಡೆ. ಇಳಿಯೋಣ ಅಂದ್ರೆ ಬಾಗಿಲು ಹೊರಗಿಂದ ಹಾಕಿದೆ."

ಅವಳು ಚೀಟಿಯನ್ನು ಅಲ್ಲೇ ಹರಿದಳು. ಅರ್ಜಿಯನ್ನು ತನ್ನ ಮಾತಿನಲ್ಲೇ ಬರೆದಳು. ನಮ್ಮನ್ನು ಯಾವತ್ತೋ ಮಾಡಿದ್ದರ ಮೇಲೆ ಅಳೆಯಬೇಡಿ, ಈ ವರ್ಷ ತಂದದ್ದರ ಮೇಲೆ ಅಳೆಯಿರಿ. ಪ್ರತಿ ಗುಂಪಿಗೂ ಒಂದು ಮಿತಿ ಹಾಕಿ. ಮೀರಿ ಹಾರಿದವರಿಗೆ ಅಂಕ ಕೊಡಬೇಡಿ, ಸರಿ; ಆದರೆ ಅವರನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕೋಣೆಯಲ್ಲಿ ಕೂಡಿ ಬೀಗ ಜಡಿಯಬೇಡಿ. ಆರಕ್ಕೆ ಕಲಿತವರನ್ನೂ ನಲವತ್ತಕ್ಕೆ ಕಲಿತವರನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಡಿ. ಜನ ಕಡಿಮೆ ಎಂದು ವಯಸ್ಸನ್ನು ಕಲಸಬೇಡಿ. ಒಬ್ಬರೇ ಬಂದರೆ ಒಬ್ಬರನ್ನೇ ಅಳೆಯಿರಿ, ಅಳತೆಗೋಲು ನಿಮ್ಮ ಕೈಯಲ್ಲೇ ಇದೆಯಲ್ಲ. ಜಿಗಿತ ಎಣಿಸುವ ನಿಮ್ಮ ಕಣ್ಣು ನಾವು ಒಂದು ಕಾಲಿನ ಮೇಲೆ ಎಷ್ಟು ದೂರ ತೂಗಿಕೊಂಡು ಜಾರುತ್ತೇವೆ ಎಂಬುದನ್ನೂ ನೋಡಲಿ. ನಿಮ್ಮ ಕಿವಿ ಸಂಗೀತವನ್ನೂ ಕೇಳಲಿ. ನಾವು ಮಕ್ಕಳ ಕೆಟ್ಟ ನಕಲುಗಳಲ್ಲ.

ಕೊನೆಯ ಸಾಲನ್ನು ಹೊಡೆದು ಹಾಕು ಎಂದು ಔಷಧಿ ಅಂಗಡಿಯವರು ಹೇಳಿದ್ದರು. ಅವಳು ಹೊಡೆಯಲಿಲ್ಲ.

ಉತ್ತರ ಬಂದ ಮೇಲೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಹಾರುವುದು ಬೇಡ. ಹಾರಿ ಬಿದ್ದರೆ ಬೇಕೆಂದೇ ಬಿದ್ದರು ಎನ್ನುತ್ತಾರೆ, ಬೀಳದಿದ್ದರೆ ಮುಗಿದೇ ಹೋಯಿತು. ಐಸ್ ಮೇಲೆ ಹೋಗಿ ನಿಲ್ಲುವುದು. ಆರು ವರ್ಷದ ಅಂಕಪಟ್ಟಿ ನಿಮ್ಮಲ್ಲೇ ಇದೆ, ಅದೇ ಸಾಕ್ಷಿ ಎನ್ನುವುದು. ಏನೇ ಅಂದರೂ ಕದಲಬಾರದು.

"ಕಲ್ಲಿನ ಹಾಗೆ ನಿಲ್ಲಬೇಕು," ಎಂದ ಡ್ರೈವರ್. "ನೀವು ನಿಂತ್ರೆ ನಾನೂ ನಿಲ್ತೀನಿ. ನನಗೂ ಬೆನ್ನಿನ ಮೂಳೆ ಪಕ್ಕಕ್ಕೆ ಸರಿದಿದೆ, ಎಂಟು ಗಂಟೆ ಸ್ಟೀರಿಂಗ್ ಹಿಡಿಯೋದೇ ಕಷ್ಟ. ಹಾರಿದ್ರೆ ನನ್ನ ಮನೆಯವರೆಲ್ಲ ಸೇರಿ ಮಡಿಸಿ ಎತ್ಕೊಂಡು ಹೋಗಬೇಕಾಗುತ್ತೆ."

ಶನಿವಾರ ರಿಂಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಅಡ್ಡಗೋಡೆಯ ಈಚೆ ಒಂದು ಉದ್ದ ಮೇಜು, ಮೂರು ಕುರ್ಚಿ, ಕುರ್ಚಿಗಳ ಕಾಲ ಬಳಿ ಒಂದು ಸಣ್ಣ ಹೀಟರ್. ನಡುವೆ ಅಧ್ಯಕ್ಷರು, ಮೂವತ್ತು ವರ್ಷ ಶಾಲೆಯ ಹೆಡ್‌ಮಾಸ್ಟರಾಗಿದ್ದವರು, ಈಗಲೂ ಎದುರಿಗಿದ್ದವರನ್ನೆಲ್ಲ ಹೋಮ್‌ವರ್ಕ್ ತರದವರಂತೆ ನೋಡುತ್ತಿದ್ದರು. ಎಡಕ್ಕೆ ಕಾರ್ಯದರ್ಶಿ, ಅವರ ಮುಂದೆ ಫಾರಂ. ಬಲಕ್ಕೆ ಎಲ್ಲರೂ ಚಾಂಪಿಯನ್ ಎಂದು ಕರೆಯುವ ಹೆಂಗಸು. ಹುಡುಗಿಯಾಗಿದ್ದಾಗ ಅವಳು ಇಡೀ ದೇಶಕ್ಕೇ ಮೊದಲನೆಯವಳು. ಈಗ ನಲವತ್ತಾರು, ಗೋಲ್ಡಿನಲ್ಲಿ ಪ್ರತಿ ವರ್ಷ ಪದಕ ಅವಳದೇ. ತಾನು ಸ್ಪರ್ಧಿಸುವ ಗುಂಪಿನಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂದು ನಿರ್ಧರಿಸುವ ಮೇಜಿನಲ್ಲಿ ತಾನೇ ಕೂತಿದ್ದೇನೆ ಎಂಬುದು ಅವಳಿಗೆ ಎಂದೂ ವಿಚಿತ್ರವಾಗಿ ಕಂಡಿರಲಿಲ್ಲ. ಕೆಟ್ಟವಳೇನಲ್ಲ. ಟೈಲರಮ್ಮನ ಸ್ಕೇಟಿನ ಲೇಸ್ ಹರಿದಾಗ ತನ್ನದನ್ನೇ ಬಿಚ್ಚಿ ಕೊಟ್ಟವಳು.

ಕಾರ್ಯದರ್ಶಿ ಫಾರಂ ಓದಿದರು. ಅದರಲ್ಲಿ ಮೂರು ಚೌಕಗಳಿದ್ದವು. ಸಮರ್ಥ: ಗೋಲ್ಡಿನಲ್ಲಿ ಮುಂದುವರಿಕೆ. ಮೂರು ಪ್ರಾಮಾಣಿಕ ಪ್ರಯತ್ನಗಳ ನಂತರವೂ ಅಸಮರ್ಥ: ಸಿಲ್ವರಿಗೆ ಹಿಂತಿರುಗಿಸಬಹುದು. ಅನಾರೋಗ್ಯ: ಇಂದಿನಿಂದಲೇ ಐಸ್ ಪ್ರವೇಶ ರದ್ದು.

"ಎಲ್ಲಿ, ಶುರು ಮಾಡಿ," ಎಂದರು ಅಧ್ಯಕ್ಷರು.

ಟೈಲರಮ್ಮ ಐಸ್‌ನ ನಡುವೆ ಹೋಗಿ ನಿಂತಳು. ಡ್ರೈವರ್ ಬೆಂಚಿನ ಮೇಲೆ ಸ್ಕೇಟ್ ಕಟ್ಟಿಕೊಂಡು ತನ್ನ ಸರದಿಗೆ ಕಾಯುತ್ತಾ ಅವಳನ್ನೇ ನೋಡುತ್ತಿದ್ದ.

"ಸರ್, ನಾನು ಹಾರಲ್ಲ. ಆರು ವರ್ಷದಿಂದ ನನಗೆ ಒಂದೇ ಒಂದು ಆಕ್ಸೆಲ್ ಬಂದಿಲ್ಲ. ಅಂಕಪಟ್ಟಿ ನಿಮ್ಮ ಹತ್ರಾನೇ ಇದೆ. ಅದು ಸಾಕ್ಷಿ ಅಲ್ವಾ?"

"ಅಂಕಪಟ್ಟಿ ಆ ದಿನದ್ದಮ್ಮ. ನಾವು ಇವತ್ತಿನದು ಕೇಳ್ತಿದ್ದೀವಿ."

"ಇವತ್ತಿನದು ಕೇಳೋದಾದ್ರೆ ಏಳು ವರ್ಷದ ಹಿಂದಿನದನ್ನ ಯಾಕೆ ಹಿಡ್ಕೊಂಡಿದ್ದೀರಿ?"

ಬೆಂಚಿನ ಕಡೆಯಿಂದ ಡ್ರೈವರ್ ಕೆಮ್ಮಿದ. ಅದು ನಗು ಎಂದು ಅವಳಿಗೆ ಗೊತ್ತಾಯಿತು.

ಅಧ್ಯಕ್ಷರ ಮುಖ ಬಿಗಿಯಿತು. "ವಾದ ಮಾಡೋಕೆ ಇದು ಸಂತೆಯಲ್ಲ. ಪ್ರಯತ್ನಾನೇ ಮಾಡದಿದ್ರೆ ಪ್ರಾಮಾಣಿಕ ಪ್ರಯತ್ನ ಅಂತ ಹೇಗೆ ಬರೆಯೋದು? ಪರೀಕ್ಷೆಗೆ ಬಂದು ಉತ್ತರ ಬರೆಯಲ್ಲ, ಆದ್ರೂ ಫೇಲ್ ಮಾಡಿ ಅಂದ್ರೆ ಆಗುತ್ತೇನಮ್ಮ?"

"ಆಗಲೇಬೇಕಲ್ವಾ ಸರ್? ಖಾಲಿ ಹಾಳೆ ಕೊಟ್ಟವನನ್ನ ನಿಮ್ಮ ಶಾಲೇಲಿ ಪಾಸ್ ಮಾಡ್ತಿದ್ರಾ?"

ಕಾರ್ಯದರ್ಶಿ ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ಹುಡುಕುವವರಂತೆ ಮಾಡಿದರು. ಅವಳು ಕದಲಲಿಲ್ಲ. ಗೆಲುವು ಒಂದು ಗೇಣು ದೂರದಲ್ಲಿತ್ತು.

ಆಗ ಚಾಂಪಿಯನ್ ಮೆಲ್ಲಗೆ ಮುಂದಕ್ಕೆ ಬಾಗಿ ಹೇಳಿದಳು: "ಪಾಪ, ಬಿಡಿ ಸರ್. ನಾನೂ ಅವತ್ತು ಅಲ್ಲಿದ್ದೆ. ಅದು ಆಕ್ಸೆಲ್ಲೇ ಅಲ್ಲ ಬಿಡಿ, ಏನೋ ಆಕಸ್ಮಿಕ. ಕಾಲು ಜಾರಿ ತಿರುಗಿದ್ರು, ಅದೃಷ್ಟಕ್ಕೆ ನಿಂತ್ಕೊಂಡ್ರು. ಆ ವಯಸ್ಸಲ್ಲಿ ಅದು ಬರೋದು ಎಲ್ಲಿಂದ? ಆ ಬಡ್ತಿನೇ ತಪ್ಪಾಗಿ ಕೊಟ್ಟಿದ್ದು ಅಂತ ಬರೆದು ರದ್ದು ಮಾಡೋಣ. ಸಿಲ್ವರಿಗೆ ಹೋಗಲಿ. ಏನಂತೀರಿ ಟೈಲರಮ್ಮ, ಆಕಸ್ಮಿಕ ಅಲ್ವಾ?"

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಬಾಗಿಲು ತೆರೆದು ಹಿಡಿದಿದ್ದಳು. ಅಧ್ಯಕ್ಷರೂ ತಲೆಯಾಡಿಸಿದರು, ಎಲ್ಲರ ಮರ್ಯಾದೆಯೂ ಉಳಿಯುವ ದಾರಿ ಅದು. ಟೈಲರಮ್ಮ ಮಾಡಬೇಕಾಗಿದ್ದದ್ದು ಇಷ್ಟೇ: ಹೂಂ ಎನ್ನಬೇಕಿತ್ತು. ಬೆಂಚಿನ ಮೇಲಿಂದ ಡ್ರೈವರ್ ಕಣ್ಣಲ್ಲೇ ಬೇಡುತ್ತಿದ್ದ: ಅನ್ನಿ ಅಕ್ಕಾ, ಅಂದುಬಿಡಿ.

ಅವಳ ಬಾಯಿ ತೆರೆಯಿತು. ಹೂಂ ಬರಲಿಲ್ಲ.

ಇಪ್ಪತ್ತೆಂಟು ವರ್ಷ ಅವಳು ಹೊಲಿದ ಬಟ್ಟೆಯ ಮೇಲೆ ಅವಳ ಹೆಸರಿಲ್ಲ. ಅವಳು ಬೇಯಿಸಿದ್ದನ್ನು ತಿಂದವರು ಉಪ್ಪು ಕಡಿಮೆಯಾದ ದಿನ ಮಾತ್ರ ಅವಳನ್ನು ನೆನೆದರು. ಈ ಜಗತ್ತಿನಲ್ಲಿ ತಾನು ಮಾಡಿದ್ದು, ತಾನೇ ಮಾಡಿದ್ದು, ಗೊತ್ತಿದ್ದೂ ಮಾಡಿದ್ದು ಎನ್ನಲು ಅವಳ ಬಳಿ ಇದ್ದದ್ದು ಒಂದೂವರೆ ಸುತ್ತು. ಅದನ್ನು ಕಾಲು ಜಾರಿದ್ದು ಎಂದು ಬರೆದುಕೊಟ್ಟರೆ ಬಿಡುಗಡೆ.

"ಅಲ್ಲ," ಎಂದಳು.

ಅದನ್ನು ಹೇಳುವ ಹೊತ್ತಿಗೆ ಅವಳು ಆಗಲೇ ಹಿಂದಕ್ಕೆ ಜಾರುತ್ತಿದ್ದಳು. ಕಾಲಿನ ಮೇಲೆ ಕಾಲು ದಾಟಿಸಿ ಒಂದು, ಎರಡು, ಮೂರು. ತಿರುಗಿ ಎಡಗಾಲಿನ ಮೇಲೆ ಮುಂದಕ್ಕೆ ಹೆಜ್ಜೆ. ಮಂಡಿ ಮಡಿಯಿತು, ಬಲಗಾಲು ಬಾಗಿಲು ಒದ್ದಂತೆ ಮುಂದಕ್ಕೆ ಬೀಸಿತು, ನೆಲ ಹೋಯಿತು. ಕೈಗಳು ತಾವೇ ಎದೆಗೆ ಬಂದವು. ಬಲಗಾಲಿನ ಅಲಗು ಐಸ್ ಕಚ್ಚಿದಾಗ ಒಂದೇ ಶಬ್ದ, ಹೊಸ ಕತ್ತರಿ ಬಟ್ಟೆಗೆ ಇಳಿದಂತೆ. ಎರಡೂ ಕೈ ಚಾಚಿ, ಎಡಗಾಲು ಹಿಂದಕ್ಕೆ ನೀಡಿ ಅವಳು ಉದ್ದಕ್ಕೂ ತೂಗಿಕೊಂಡು ಹೋದಳು. ಮಂಡಿಯ ಒಳಗೆ ಏನೋ ಚಟ್ ಎಂದು ಕಿತ್ತದ್ದು ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೂ ಆ ಗೆರೆಯನ್ನು ಕೊನೆಯವರೆಗೂ ಎಳೆದಳು.

ಚಾಂಪಿಯನ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. "ಅಯ್ಯೋ, ಎಷ್ಟು ಚೆನ್ನಾಗಿತ್ತು! ನಾನು ಅಂದಿದ್ದು ತಪ್ಪು, ತಪ್ಪಾಯ್ತು!"

"ನೋಡಿದ್ರಾ?" ಎಂದರು ಅಧ್ಯಕ್ಷರು. ಅವರ ಮುಖದಲ್ಲಿ ಕಳ್ಳನನ್ನು ಹಿಡಿದ ತೃಪ್ತಿ. "ಬರೆಯಿರಿ, ಸಮರ್ಥ."

ಆ ಚಪ್ಪಾಳೆ ತನ್ನ ಬೆನ್ನ ಹಿಂದೆ ಬೀಗ ಬಿದ್ದ ಸದ್ದಿನಂತೆ ಅವಳಿಗೆ ಕೇಳಿಸಿತು. ಐಸ್‌ನಿಂದ ಇಳಿಯುವ ಬಾಗಿಲಿನಿಂದ ಬೆಂಚಿಗೆ ರಬ್ಬರು ಹಾಸಿನ ಮೇಲೆ ಹನ್ನೊಂದು ಹೆಜ್ಜೆ. ಕುಂಟಿದರೆ ಮೂರನೇ ಚೌಕ, ಇಂದಿನಿಂದಲೇ ಐಸ್ ಇಲ್ಲ. ಕುಂಟದಿದ್ದರೆ ಇನ್ನೂ ನಾಲ್ಕು ತಿಂಗಳ ಬೆಳಗುಗಳಾದರೂ ಉಳಿಯುತ್ತವೆ. ಅವಳು ನಗುತ್ತಾ ಹನ್ನೊಂದು ಹೆಜ್ಜೆಯನ್ನೂ ನೇರವಾಗಿ ಇಟ್ಟಳು. ಕೂತಾಗ ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಏನ್ ಮಾಡಿಬಿಟ್ರಿ ಅಕ್ಕಾ?" ಡ್ರೈವರ್ ತುಟಿ ಅಲುಗಿಸದೆ ಪಿಸುಗುಟ್ಟಿದ. "ನಾವು ಏನ್ ಮಾತಾಡ್ಕೊಂಡಿದ್ವಿ?"

"ಆಕಸ್ಮಿಕ ಅಂದ್ರಲ್ಲ."

"ಅಂದ್ಕೊಳ್ಳಲಿ! ಅಂದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹೂಂ ಅಂದಿದ್ರೆ ಈ ಹೊತ್ತಿಗೆ ಇಬ್ರೂ ಹೊರಗೆ ಬಿಸಿ ಬಿಸಿ ಏನಾದ್ರೂ ಕುಡೀತಿದ್ವಿ. ಈಗ ನನ್ನ ಮಾತು ಯಾರು ನಂಬ್ತಾರೆ?"

ಅವನು ಬೈಗುಳಕ್ಕೆ ಬಾಯಿ ತೆರೆದವನು ಅವಳ ಬಲಗೈ ಬೆಂಚಿನ ಅಂಚನ್ನು ಹಿಡಿದಿದ್ದ ರೀತಿ ನೋಡಿ ನಿಲ್ಲಿಸಿದ. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

"ಕಾಲು ಹೋಯ್ತಾ?"

"ಸುಮ್ನಿರು ತಮ್ಮ. ಈ ಕಡೆ ನೋಡಬೇಡ. ಅವರಿಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ನನಗೆ ಐಸ್ ಇಲ್ಲ."

"ಮುಂದಿನವರು," ಎಂದು ಕಾರ್ಯದರ್ಶಿ ಕರೆದರು.

ಡ್ರೈವರ್ ಐಸ್‌ನ ನಡುವೆ ಹೋಗಿ ನಿಂತ. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡ. ಅವಳು ಹೇಳಿದ ಮಾತನ್ನೇ ಹೇಳಿದ. ಆದರೆ ಈಗ ಆ ಮಾತಿಗೆ ಹಲ್ಲಿರಲಿಲ್ಲ.

"ಆಯಮ್ಮನೂ ಈಗ ತಾನೇ ಇದೇ ಪಾಠ ಒಪ್ಪಿಸಿದ್ರು," ಎಂದರು ಅಧ್ಯಕ್ಷರು. "ಬರಲ್ಲ, ಬರಲ್ಲ ಅಂತಿದ್ದವರು ಒಂದು ಮಾತು ಕುಟುಕಿದ ತಕ್ಷಣ ಹಕ್ಕಿ ಹಾಗೆ ಹಾರಿದ್ರು. ನಿಮಗಿಂತ ಮೂರು ವರ್ಷ ದೊಡ್ಡವರು, ಹೆಂಗಸು ಬೇರೆ. ನಿಮಗೇನಾಗಿದೆ?"

"ನನಗೆ ಬೆನ್ನು ನೋವು" ಎನ್ನಲು ಅವನಿಗೂ ಸಾಧ್ಯವಿರಲಿಲ್ಲ. ಅವನಿಗೂ ಮೂರನೇ ಚೌಕ ಕಾದಿತ್ತು.

"ಸರ್, ನಾನು ನಿಂತಿರ್ತೀನಿ," ಎಂದ.

"ನಿಂತಿರಿ, ಬೇಡ ಅಂದವರು ಯಾರು? ಆದ್ರೆ ನಾನು ಬರೆಯೋದು ಏನು ಗೊತ್ತಾ? ಇದೆಲ್ಲ ನಾಟಕ ಅಂತ ಬರೀತೀನಿ. ಬರೋರು ಬರಲ್ಲ ಅಂತ ಸುಳ್ಳು ಹೇಳಿ ಕೆಳಗಿಳಿದು ಪದಕ ಹೊಡೆಯೋ ಹುನ್ನಾರ. ಸಾಕ್ಷಿ ಇಲ್ಲೇ ಬೆಂಚಿನ ಮೇಲೆ ಕೂತಿದೆ. ಇನ್ನು ಮುಂದೆ ಕೆಳಗಿಳಿಸಿ ಅಂತ ಯಾರ ಅರ್ಜಿನೂ ತಗೊಳ್ಳಲ್ಲ ಅಂತ ಒಂದು ನಿಯಮಾನೇ ಮಾಡಿಬಿಡೋಣ."

ಡ್ರೈವರ್ ಬೆಂಚಿನ ಕಡೆ ನೋಡಲಿಲ್ಲ. ಅವಳ ಗುಟ್ಟು ಅವನ ಬಾಯಲ್ಲಿತ್ತು. ಅದೊಂದನ್ನು ಉಗುಳಿದ್ದರೆ ಅಧ್ಯಕ್ಷರ ವಾದ ಅಲ್ಲೇ ಮಗುಚಿ ಬೀಳುತ್ತಿತ್ತು. ಅವನು ಹಲ್ಲು ಕಚ್ಚಿ ಅಡ್ಡಗೋಡೆಯನ್ನೇ ನೋಡುತ್ತಾ ನಿಂತ.

ಟೈಲರಮ್ಮನ ಮಂಡಿ ಬಟ್ಟೆಯ ಒಳಗೆ ಬ್ರೆಡ್ಡಿನಂತೆ ಉಬ್ಬುತ್ತಿತ್ತು. ಅವಳು ನಾಳೆಯ ಆರು ಗಂಟೆಯನ್ನು ನೆನೆದಳು. ನಾಳಿದ್ದಿನ ಆರು ಗಂಟೆಯನ್ನು. ಒಂದೇ ಕಾಲಲ್ಲಾದರೂ ಸರಿ, ಅಡ್ಡಗೋಡೆ ಹಿಡಿದುಕೊಂಡಾದರೂ ಸರಿ, ಜನ ದೂರದಲ್ಲಿದ್ದಾಗ ಕೈ ಚಾಚಬಹುದು. ಅದು ಬಿಟ್ಟರೆ ಮೂರು ಕೋಣೆ, ನೆಲಮಾಳಿಗೆ, ಮತ್ತೆ ಮೂರು ಕೋಣೆ. ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಚ್ಚಿಕೊಂಡಿರುವುದು ಅವಳಿಗೆ ಹೊಸದೇನೂ ಆಗಿರಲಿಲ್ಲ.

"ಸರ್," ಎಂದಳು. "ನನ್ನ ಮಂಡಿ ಕಿತ್ತು ಹೋಗಿದೆ."

ಅಧ್ಯಕ್ಷರು ಬೆಂಚಿನ ಕಡೆ ತಿರುಗಿದರು.

"ಈಗ ಹಾರಿದ್ನಲ್ಲ, ಆಗ ಹೋಯ್ತು. ಹಾರೋಕೆ ಆಗುತ್ತೆ ಸರ್. ಮನೆ ಸುಟ್ಟುಕೊಂಡು ಒಂದು ಸಲ ಚಳಿ ಕಾಯಿಸಬಹುದು, ಹಾಗೆ. ಆಯಪ್ಪನಿಗೆ ನನ್ನನ್ನ ತೋರಿಸಿ ಬೈಬೇಡಿ."

ಚಾಂಪಿಯನ್ ಮೇಜಿನ ಹಿಂದಿನಿಂದ ಎದ್ದು ಓಡಿಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದನಿ ತಗ್ಗಿಸಿ ಹೇಳಿದಳು: "ಟೈಲರಮ್ಮ, ಸುಮ್ನಿರಿ. ನೀವು ಹೇಳಿದ್ರೆ ಬರೀಲೇಬೇಕಾಗುತ್ತೆ. ಹೇಳಬೇಡಿ, ನಾನು ಏನೂ ಕೇಳಿಸ್ಕೊಂಡಿಲ್ಲ. ಸರ್ ಕೂಡ ಕೇಳಿಸ್ಕೊಂಡಿಲ್ಲ. ಅಲ್ವಾ ಸರ್?"

ಅಧ್ಯಕ್ಷರು ಚಾವಣಿ ನೋಡಿದರು. ಅವರಿಗೂ ಏನೂ ಕೇಳಿಸದಿರುವುದೇ ಸುಲಭವಾಗಿತ್ತು.

"ದಮ್ಮಯ್ಯ," ಎಂದಳು ಚಾಂಪಿಯನ್. "ನಿಮಗೆ ಬೆಳಗಿನ ಐಸ್ ಎಷ್ಟು ಮುಖ್ಯ ಅಂತ ನನಗೆ ಗೊತ್ತು."

"ನಿಮಗೆ ಗೊತ್ತಿಲ್ಲಮ್ಮ," ಎಂದಳು ಟೈಲರಮ್ಮ. ಪ್ಯಾಂಟಿನ ಬಲಗಾಲನ್ನು ಮಂಡಿಯ ಮೇಲಕ್ಕೆ ಎಳೆಯಲು ನೋಡಿದಳು. ಊತಕ್ಕೆ ಅದು ಸರಿಯಲಿಲ್ಲ. ಮೇಜಿನ ಮೇಲಿದ್ದ ಕತ್ತರಿ ಕೊಡಿ ಎಂದು ಕೈ ಚಾಚಿದಳು. ಯಾರೂ ಕೊಡದಿದ್ದಾಗ ಹೊಲಿಗೆಯನ್ನು ಎಲ್ಲಿ ಹಿಡಿದರೆ ಬಿಚ್ಚಿಕೊಳ್ಳುತ್ತದೆ ಎಂದು ಬಲ್ಲ ಬೆರಳುಗಳಿಂದ ಪಕ್ಕದ ಹೊಲಿಗೆಯನ್ನು ಸರ್ರನೆ ಹರಿದು ಮಂಡಿ ತೋರಿಸಿದಳು. "ಬರಕೊಳ್ಳಿ ಸರ್."

ಕಾರ್ಯದರ್ಶಿ ಪೆನ್ನು ಎತ್ತಿದರು. ಮೊದಲ ಚೌಕದಲ್ಲಿ ಆಗಲೇ ಗುರುತು ಬಿದ್ದಿತ್ತು. ಅವರು ಫಾರಂ ತಿರುಗಿಸಿದರು, ಮತ್ತೆ ಸರಿಯಾಗಿ ಹಿಡಿದರು.

"ಸರ್, ಯಾವುದರಲ್ಲಿ ಬರೆಯಲಿ? ಸಮರ್ಥ ಅಂತ ಆಗಿಹೋಗಿದೆಯಲ್ಲ. ಅನಾರೋಗ್ಯ ಅಂತ ಹಾಕಿದ್ರೆ ಇದನ್ನ ಹೊಡೀಬೇಕು. ಇದನ್ನ ಹೊಡೆದ್ರೆ ಹಾರಿಲ್ಲ ಅಂತಾಗುತ್ತೆ."

"ಹಾರಿದ್ದನ್ನ ಹೊಡೀಬೇಡಿ," ಎಂದಳು ಟೈಲರಮ್ಮ. "ಎರಡರಲ್ಲೂ ಹಾಕಿ."

"ಎರಡರಲ್ಲೂ ಹಾಕೋಕೆ ಬರಲ್ಲಮ್ಮ. ಫಾರಂ ಆ ಥರ ಇಲ್ಲ."

"ನಾನು ಆ ಥರಾನೇ ಇದ್ದೀನಲ್ಲ. ಏನ್ ಮಾಡೋಣ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರನೇ ಚೌಕಕ್ಕೆ ಗುರುತು ಹಾಕಿ, ಮೊದಲನೆಯದರ ಬಗ್ಗೆ ಆಮೇಲೆ ನೋಡೋಣ ಎಂದರು. ನಾಳೆಯಿಂದ ಬರಬೇಡಿ ಎನ್ನುವುದನ್ನು ಅವರು ಅವಳ ಮುಖ ನೋಡದೆ ಹೇಳಿದರು. ಡ್ರೈವರನ ಅರ್ಜಿ ಪರಿಶೀಲನೆಯಲ್ಲಿದೆ ಎಂದು ಬರೆಯಿರಿ, ಹೊಸ ನಿಯಮದ ಮಾತು ಸದ್ಯಕ್ಕೆ ಬೇಡ ಎಂದರು. ಪರಿಶೀಲನೆ ಎಂದರೆ ಎಷ್ಟು ತಿಂಗಳು ಎಂದು ಯಾರೂ ಕೇಳಲಿಲ್ಲ. ಚಾಂಪಿಯನ್ ಎದ್ದು ಮೇಜಿಗೆ ಮರಳಿದಳು. ಮೂವರೂ ಕಾಗದ ಜೋಡಿಸಿಕೊಳ್ಳತೊಡಗಿದರು.

ಡ್ರೈವರ್ ಮಾತ್ರ ಐಸ್‌ನ ನಡುವೆ ಹಾಗೇ ನಿಂತಿದ್ದ.

"ನೀವಿನ್ನು ಹೋಗಬಹುದು," ಎಂದರು ಅಧ್ಯಕ್ಷರು.

"ಅಕ್ಕನ ಚೌಕ ಯಾವುದು ಅಂತ ಗೊತ್ತಾಗಲಿ ಸರ್. ಆಮೇಲೆ ಇಳೀತೀನಿ."

"ಇಳೀರಿ ಅಂದ್ರೆ ಇಳೀಬೇಕು."

"ಇಳಿಸಿ ಅಂತ ತಾನೇ ನಾವು ಅರ್ಜಿ ಹಾಕಿದ್ದು? ಆಗ ಇಳಿಸಲಿಲ್ಲ."

ಐಸ್ ನಯಗೊಳಿಸುವ ದೊಡ್ಡ ಗಾಡಿಯನ್ನು ಹೊರಗೆ ತಂದು, ಅದರ ಮೇಲೆ ಕೂತಿದ್ದ ಮುದುಕ ಬಾಗಿಲಲ್ಲೇ ಬ್ರೇಕ್ ಹಾಕಿ ಎಂಜಿನ್ ಗುರುಗುಟ್ಟಿಸುತ್ತಾ ಕೂಗಿದ: "ಏನ್ರೀ ಸರ್, ಹನ್ನೊಂದಕ್ಕೆ ಶಾಲೆ ಮಕ್ಕಳು ಬರ್ತಾರೆ, ನಾನು ಐಸ್ ಮಾಡಬೇಕು. ಈ ಮನುಷ್ಯ ಇಳೀತಾನಾ, ಇಲ್ವಾ? ಇಲ್ಲಾಂದ್ರೆ ಸುತ್ತ ಬಳಸ್ಕೊಂಡು ಮಾಡ್ತೀನಿ, ನಡುವೆ ಒರಟು ಹಾಗೇ ಉಳಿಯುತ್ತೆ, ಆಮೇಲೆ ನನ್ನ ಬೈಬೇಡಿ!"

ಮೇಜಿನ ಹಿಂದಿದ್ದ ಮೂವರೂ ಕಾಗದ ಜೋಡಿಸುತ್ತಲೇ ಇದ್ದರು. ಟೈಲರಮ್ಮ ಹರಿದ ಪ್ಯಾಂಟಿನಲ್ಲಿ, ಸ್ಕೇಟ್ ಬಿಚ್ಚದೆ, ಬೆಂಚಿನ ಮೇಲೆಯೇ ಕೂತಿದ್ದಳು. ಮುದುಕ ಗೊಣಗುತ್ತಾ ಗಾಡಿ ಒಳಗೆ ಬಿಟ್ಟು ಡ್ರೈವರನ ಸುತ್ತ ಬಳಸಿಕೊಂಡು ಹೋಗತೊಡಗಿದ.